‘ಮಾರಬಾರದೇ?’ ಎಂಬ ಮೆಚ್ಚುಗೆ

ಕ್ರೋಶಾ ಕಡ್ಡಿಯನ್ನೋ ಕಸೂತಿಯ ಸೂಜಿಯನ್ನೋ ಹಿಡಿದು ಕೂರುವ ಹೆಂಗಸರಿಗೆ ಈ ಮಾತು ಹೊಸದಲ್ಲ: ‘ಇಷ್ಟು ಚೆನ್ನಾಗಿ ಮಾಡ್ತೀರಲ್ಲ, ಮಾರಬಾರದೇ?’ ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ, ಮೆಚ್ಚಿಯೇ ಹೇಳುತ್ತಾರೆ. ಹೆಣೆದ ಚೀಲವನ್ನು ತಿರುಗಿಸಿ ನೋಡುತ್ತಾರೆ, ಅಂಗಡಿಯಲ್ಲಿ ಇದಕ್ಕೆ ಎಷ್ಟಿದ್ದೀತೆಂದು ಅಂದಾಜು ಕಟ್ಟುತ್ತಾರೆ, ಆಮೇಲೆ ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಪುಟ ತೆರೆಯಿರಿ ಎನ್ನುತ್ತಾರೆ. ಕೈಗೆಲಸ ಒಂದು ಮಟ್ಟ ಮುಟ್ಟಿದ ಮೇಲೆ ಮುಂದಿನ ಮೆಟ್ಟಿಲು ಮಾರುಕಟ್ಟೆಯೇ, ಅಲ್ಲಿಗೆ ಹೋಗದ ಕೈಗೆಲಸ ಅರ್ಧಕ್ಕೇ ನಿಂತಂತೆ ಎಂಬ ನಂಬಿಕೆ ಈ ಸಲಹೆಯ ಹಿಂದಿದೆ. ನಾನೂ ಕ್ರೋಶಾ ಹಾಕುವವಳು. ಈ ವಿಷಯದಲ್ಲಿ ನನಗೆ ಸ್ವಂತ ಆಸಕ್ತಿಯಿದೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಈ ನಂಬಿಕೆಯಲ್ಲಿ ಬೇರೆಬೇರೆ ಸಂಗತಿಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ, ಅವನ್ನು ಬಿಡಿಸಿ ನೋಡಬೇಕು ಎನ್ನುವುದಕ್ಕೆ ಕಾರಣ ನನ್ನ ಆಸಕ್ತಿಗಿಂತ ದೊಡ್ಡದು.

ಮೊದಲು ಆ ನಂಬಿಕೆಗೆ ನ್ಯಾಯ ಸಲ್ಲಬೇಕು. ಅದರ ಬೆನ್ನಿಗೆ ಗಟ್ಟಿಯಾದ ಇತಿಹಾಸವಿದೆ. ಮನೆಯೊಳಗೆ ಹೆಂಗಸರು ಮಾಡಿದ ಕೆಲಸ ಬಹುಕಾಲ ಯಾವ ಲೆಕ್ಕಕ್ಕೂ ಬರಲಿಲ್ಲ. ಅಡುಗೆಗೆ ಕೂಲಿಯಿಲ್ಲ, ಹೊಲಿಗೆಗೆ ಹೆಸರಿಲ್ಲ. ಕೈಗೆ ನಾಲ್ಕು ಕಾಸು ಬಂದಾಗ ಮನೆಯಲ್ಲಿ ಮಾತಿಗೆ ತೂಕ ಬಂದದ್ದನ್ನು ಕಂಡವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಸೀರೆಗೆ ಫಾಲ್ ಹಾಕಿ, ಕುಚ್ಚು ಕಟ್ಟಿ ಮಕ್ಕಳ ಶಾಲೆಯ ಫೀಸು ಹೊಂದಿಸಿದ ತಾಯಂದಿರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು ದಶಕಗಳ ಕಾಲ ದುಡಿದದ್ದು ಕುಶಲಕರ್ಮಿಗಳ ಕೈಗೆಲಸಕ್ಕೆ ಮಾರುಕಟ್ಟೆ ದೊರಕಿಸಲಿಕ್ಕೇ. ಆದ್ದರಿಂದ ‘ಮಾರಿ’ ಎನ್ನುವ ಮಾತಿನಲ್ಲಿ ಗೌರವವಿದೆ, ಬಿಡುಗಡೆಯ ಆಸೆಯೂ ಇದೆ. ಅದನ್ನು ಹಣದಾಸೆ ಎಂದು ತಳ್ಳಿಹಾಕುವವರು ವಾದವನ್ನು ಎದುರಿಸದೆ ತಪ್ಪಿಸಿಕೊಳ್ಳುತ್ತಾರೆ.

ಆದರೂ ಆ ಒಂದು ಮಾತಿನಲ್ಲಿ ಮೂರು ಬೇರೆಬೇರೆ ಹೇಳಿಕೆಗಳು ಅಡಗಿವೆ:

1. ಕೆಲಸ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿ ಅದಕ್ಕೆ ಸಿಗುವ ಬೆಲೆ.

2. ದುಡಿಮೆಯಾಗಬಹುದಾಗಿದ್ದ ಹೊತ್ತು ದುಡಿಮೆಯಾಗದಿದ್ದರೆ ಅದು ಪೋಲು.

3. ಹವ್ಯಾಸವನ್ನು ವ್ಯಾಪಾರ ಮಾಡಿಕೊಂಡರೆ ಕಳೆದುಕೊಳ್ಳುವುದೇನಿಲ್ಲ. ಇರುವುದು ಹಾಗೇ ಇರುತ್ತದೆ, ಮೇಲೊಂದಿಷ್ಟು ಹಣ ಸೇರುತ್ತದೆ.

ಮೂರನ್ನೂ ನೋಡುವ ಮೊದಲು ಈ ಸಲಹೆ ಯಾವುದಕ್ಕೆ ಅನ್ವಯವಾಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂದು ಗಮನಿಸೋಣ. ಬೆಂಗಳೂರಿನಲ್ಲಿ ಹೀಗೆ ಹೆಣೆಯುವ ಹೆಂಗಸೊಬ್ಬಳ ದಿನಚರಿಯನ್ನು ಊಹಿಸಿಕೊಳ್ಳಿ. ಮಧ್ಯಾಹ್ನ ಊಟವಾದ ಮೇಲೆ ಉಲ್ಲನ್ ಉಂಡೆ ಹಿಡಿದು ಕೂರುತ್ತಾಳೆ. ಜನವರಿ, ಆಗಸ್ಟ್ ತಿಂಗಳಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ತಪ್ಪಿಸುವುದಿಲ್ಲ, ಉಳಿದ ದಿನಗಳಲ್ಲೂ ಆಗಾಗ ಆ 240 ಎಕರೆಯಲ್ಲಿ ಒಂದು ಸುತ್ತು ಹಾಕಿ ಬರುತ್ತಾಳೆ. ವರ್ಷಕ್ಕೊಮ್ಮೆ ಗೆಳತಿಯರೊಡನೆ ಮೈಸೂರಿಗೋ ಮೇಲುಕೋಟೆಗೋ ಹೋಗಿಬರುವುದುಂಟು. ಮನೆಯಲ್ಲಿ ಎರಡು ಬೆಕ್ಕುಗಳು. ಇವುಗಳಲ್ಲಿ ‘ಇದನ್ನೇ ಸಂಪಾದನೆಯ ದಾರಿ ಮಾಡಿಕೊಳ್ಳಬಾರದೇ’ ಎಂದು ಜನ ಕೇಳುವುದು ಯಾವುದನ್ನು ಕುರಿತು? ಹೆಣಿಗೆಯೊಂದನ್ನೇ. ಲಾಲ್‌ಬಾಗಿಗೆ ಹೋಗಿಬಂದವಳನ್ನು ‘ಏನು ಲಾಭವಾಯಿತು’ ಎಂದು ಕೇಳುವುದಿಲ್ಲ. ಫ್ಲ್ಯಾಟಿನ ಬೆಕ್ಕು ಇಲಿ ಹಿಡಿಯುವುದಿಲ್ಲ, ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ನಿದ್ದೆ ಮಾಡುತ್ತದೆ. ಅದನ್ನು ಸಾಕುವುದಕ್ಕೆ ಪ್ರೀತಿಯೊಂದೇ ಕಾರಣವೆಂದರೆ ಎಲ್ಲರೂ ಒಪ್ಪುತ್ತಾರೆ. ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಕ್ರಿಕೆಟ್ ಆಡುವ ನಡುವಯಸ್ಸಿನ ಗಂಡಸರಿಗೆ ಪಂದ್ಯದ ಶುಲ್ಕ ಕೇಳಿ ಪಡೆಯಿರಿ ಎಂದು ಯಾರೂ ಸೂಚಿಸಿದ್ದಿಲ್ಲ.

ವ್ಯತ್ಯಾಸ ಎಲ್ಲಿದೆ? ತೋಟದಲ್ಲಿ ಅಡ್ಡಾಡಿದ್ದರಿಂದ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹೆಣೆದಾಗ ಒಂದು ವಸ್ತು ಉಳಿಯುತ್ತದೆ. ಸಲಹೆ ಹುಟ್ಟುವುದು ಆ ಉಳಿಕೆಯಿಂದ ಎನ್ನುವುದನ್ನು ಪರೀಕ್ಷಿಸಲು ನಮ್ಮ ಮನೆಗಳಲ್ಲೇ ಒಂದು ನಿದರ್ಶನವಿದೆ: ರಂಗೋಲಿ. ಅದೂ ಕೈಗೆಲಸ. ಚುಕ್ಕಿಯ ಲೆಕ್ಕ ತಪ್ಪಬಾರದು, ಎಳೆ ನಡುಗಬಾರದು, ಎಷ್ಟೋ ವರ್ಷ ಪಳಗಿದ ಬೆರಳು ಬೇಕು. ಆದರೆ ಬಾಗಿಲಲ್ಲಿ ದಿನವೂ ರಂಗೋಲಿ ಇಡುವವಳಿಗೆ ‘ಮಾರಬಾರದೇ’ ಎಂದು ಹೇಳುವವರಿಲ್ಲ. ಸಂಜೆಯೊಳಗೆ ಅದು ಕಾಲಡಿಯಲ್ಲಿ ಅಳಿಸಿಹೋಗುತ್ತದೆ, ನಾಳೆ ಮತ್ತೆ ಇಡುತ್ತಾಳೆ. ಕುಶಲತೆ ಎರಡರಲ್ಲೂ ಇದೆ, ಶ್ರಮವೂ ಇದೆ, ಚೆಲುವೂ ಇದೆ. ಇಲ್ಲದ್ದು ಬಾಳಿಕೆ ಬರುವ ಸರಕು ಒಂದೇ. ಹಾಗಾದರೆ ಕೆಲಸದ ಗುಣವನ್ನು ಕಂಡು ಮಾರಲು ಹೇಳುತ್ತಿದ್ದೇವೆ ಎನ್ನುವುದು ನಮ್ಮ ಭ್ರಮೆ. ಸರಕು ಕಣ್ಣಿಗೆ ಬಿದ್ದದ್ದರಿಂದ ಹೇಳುತ್ತಿದ್ದೇವೆ.

ಇದಕ್ಕೆ ತತ್ವಶಾಸ್ತ್ರದ ಕಡೆಯಿಂದಲೇ ಒಂದು ಆಕ್ಷೇಪ ಬರಬಹುದು. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ನಿರ್ಮಿಸುವುದನ್ನೂ ನಡೆದುಕೊಳ್ಳುವುದನ್ನೂ ಬೇರೆ ಮಾಡುತ್ತಾನೆ. ನಿರ್ಮಾಣದ ಗುರಿ ಅದರ ಹೊರಗೆ, ಆಗಿ ನಿಂತ ವಸ್ತುವಿನಲ್ಲಿದೆ; ಒಳ್ಳೆಯ ನಡೆಗೆ ಆ ನಡೆಯೇ ಗುರಿ. ಈ ಲೆಕ್ಕದಲ್ಲಿ ಹೆಣಿಗೆ ನಿರ್ಮಾಣ, ಅದರ ಗುರಿ ಕಂಬಳಿ. ವಿಹಾರದ ಜೊತೆ ಅದನ್ನು ಸೇರಿಸುವುದು ತಪ್ಪಲ್ಲವೇ? ಆಕ್ಷೇಪ ಚೆನ್ನಾಗಿದೆ. ಆದರೆ ಒಂದೇ ಕೈಚಲನೆ ಒಬ್ಬಳಿಗೆ ನಿರ್ಮಾಣವಾಗಿ ಇನ್ನೊಬ್ಬಳಿಗೆ ಬದುಕುವ ರೀತಿಯೇ ಆಗಿರಬಹುದು. ಯಾವುದು ಯಾವುದೆಂದು ತಿಳಿಯಲು ಒಂದು ಪ್ರಶ್ನೆ ಸಾಕು: ಸಿದ್ಧವಾದ ಅಂಥದೇ ವಸ್ತುವನ್ನು ಕೈಗಿತ್ತರೆ ಅವಳು ಏನು ಮಾಡುತ್ತಾಳೆ? ಕೂಲಿಗಾಗಿ ಲೇಸು ಹೆಣೆಯುವವಳಿಗೆ ಹೆಣೆದು ಮುಗಿದ ಲೇಸು ಕೊಟ್ಟರೆ ಅವಳಿಗೆ ನೆಮ್ಮದಿ. ಅದನ್ನು ಒಪ್ಪಿಸಿ ಹಣ ಪಡೆದು ಇವತ್ತು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾಳೆ. ಹವ್ಯಾಸಕ್ಕೆ ಹೆಣೆಯುವವಳಿಗೆ ಹೊಸ ಕಂಬಳಿ ಕೊಟ್ಟರೆ ‘ಚೆನ್ನಾಗಿದೆ’ ಎಂದು ಮಡಚಿಟ್ಟು ತನ್ನ ಕಡ್ಡಿಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾಳೆ. ಅವಳಿಗೆ ಬೇಕಾದದ್ದು ಕಂಬಳಿಯಾಗಿದ್ದರೆ ಅದು ಈಗಾಗಲೇ ಸಿಕ್ಕಿದೆ.

ಈಗ ಮೊದಲನೆಯ ಹೇಳಿಕೆ. ಬೆಲೆ ಗುಣಕ್ಕೆ ಸಾಕ್ಷಿಯೇ? ಧಾರವಾಡದ ಕಸೂತಿಯನ್ನು ತೆಗೆದುಕೊಳ್ಳಿ. ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ. ನೆಯ್ಗೆಯ ಎಳೆ ಎಣಿಸುತ್ತ ಗೋಪುರ, ತುಳಸಿ ಕಟ್ಟೆ, ನವಿಲು, ತೇರುಗಳನ್ನು ಮೂಡಿಸುತ್ತಾರೆ. ಗವಂತಿ ಮತ್ತು ಮುರ್ಗಿ ಹೊಲಿಗೆಯಲ್ಲಿ ಗಂಟು ಹಾಕದೆ, ಹೋದ ದಾರಿಯಲ್ಲೇ ಸೂಜಿ ಹಿಂದಿರುಗಿ ಬಂದು ಬಿಟ್ಟ ಜಾಗಗಳನ್ನು ತುಂಬುತ್ತದೆ. ಸೆರಗಿನ ಎರಡೂ ಮಗ್ಗುಲು ಒಂದೇ ರೀತಿ ಕಾಣುವುದು ಇದರಿಂದ. ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕವಾಗಿರಬೇಕೆಂಬ ಈ ಕಟ್ಟುನಿಟ್ಟನ್ನು ತಂದವರು ಯಾರು? ಈಗ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ, ಮಾರುಕಟ್ಟೆಯೂ ಇದೆ. ಆದರೆ ಆ ನಿಯಮ ಹುಟ್ಟಿದ್ದು ಮಗಳ ಮದುವೆಯ ಚಂದ್ರಕಾಳಿ ಸೀರೆಗೆ, ಕೂಸಿನ ಕುಂಚಿಗೆಗೆ ಮನೆಯಲ್ಲೇ ಹೊಲಿಯುತ್ತಿದ್ದವರ ನಡುವೆ. ಒಬ್ಬರ ಹೊಲಿಗೆಯನ್ನು ಇನ್ನೊಬ್ಬರು ಮಗುಚಿ ನೋಡುವುದು, ಎಳೆ ಎಣಿಸಿ ತಪ್ಪು ಹಿಡಿಯುವುದು, ಬಿಚ್ಚಿ ಮತ್ತೆ ಹಾಕುವುದು, ಇಷ್ಟೇ ಅಲ್ಲಿನ ಪರೀಕ್ಷೆ. ಅದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ಯಾವ ಗಿರಾಕಿಯೂ ಒಡ್ಡಿಲ್ಲ. ಗಿರಾಕಿ ಹೆಚ್ಚಾದ ಕಡೆ ಹಿಂಬದಿಗೆ ಅಸ್ತರಿ ಕೊಟ್ಟು ಗಂಟುಗಳನ್ನು ಮುಚ್ಚುವ ದಾರಿಯೇ ಸುಲಭ. ಗುಣ ಬೇಕಾದರೆ ಗುಣ ಬಲ್ಲವರ ಕಣ್ಣು ಬೇಕು. ಕೊಳ್ಳುವವರಲ್ಲಿ ಅಂಥ ಕಣ್ಣು ಇದ್ದರೂ ಇರಬಹುದು, ಇಲ್ಲದಿರಲೂಬಹುದು. ಬೆಲೆಯಿಂದ ಅದು ಗೊತ್ತಾಗುವುದಿಲ್ಲ.

ಎರಡನೆಯದೂ ಮೂರನೆಯದೂ ಒಟ್ಟಿಗೇ ಬೀಳುತ್ತವೆ. ಹವ್ಯಾಸಕ್ಕೆ ಹಣ ಸೇರಿಸಿದರೆ ಹವ್ಯಾಸ ಹಾಗೇ ಉಳಿಯುತ್ತದೆ ಎಂದು ಭಾವಿಸುವವರು ಹೊತ್ತಿನ ಸ್ವಭಾವವನ್ನು ಮರೆಯುತ್ತಾರೆ. ಹೆಣೆಯುವ ಒಂದು ಗಂಟೆಗೆ ₹80 ಎಂದು ನಿಗದಿಯಾಯಿತು ಎಂದಿಟ್ಟುಕೊಳ್ಳಿ. ಆ ಕ್ಷಣದಿಂದ ದಿನದ ಮಿಕ್ಕೆಲ್ಲ ಗಂಟೆಗಳಿಗೂ ಅದೇ ದರ ಅಂಟಿಕೊಳ್ಳುತ್ತದೆ. ಲಾಲ್‌ಬಾಗಿನಲ್ಲಿ ಕಳೆದ ಮೂರು ಗಂಟೆ ಈಗ ₹240 ನಷ್ಟ. 1889ರಲ್ಲಿ ಅಡಿಗಲ್ಲು ಹಾಕಿದ ಆ ಗಾಜಿನ ಮನೆಯ ಮುಂದೆ ಸುಮ್ಮನೆ ಕುಳಿತವಳ ತಲೆಯಲ್ಲಿ ಬಾಕಿ ಉಳಿದ ಆರ್ಡರುಗಳು ಓಡತೊಡಗುತ್ತವೆ. ಬೆಕ್ಕಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ದಾರ ಇರುವ ಮನೆಯಲ್ಲಿ ಬೆಕ್ಕು ಸಾಕುವುದಕ್ಕೆ ಎಚ್ಚರ ಬೇಕು. ಬೆಕ್ಕಿನ ನಾಲಗೆಯ ಮುಳ್ಳುಗಳು ಗಂಟಲಿನತ್ತ ಬಾಗಿರುತ್ತವೆ. ಬಾಯಿಗೆ ಸಿಕ್ಕ ದಾರವನ್ನು ಉಗುಳುವುದು ಅದಕ್ಕೆ ಕಷ್ಟ, ಒಳಗೆ ಹೋದ ದಾರ ಕರುಳನ್ನು ಸುಕ್ಕುಗಟ್ಟಿಸಿ ಎಳೆದರೆ ಶಸ್ತ್ರಚಿಕಿತ್ಸೆಯೇ ಗತಿ. ಹಾಗಾಗಿ ಕೆಲಸ ನಿಲ್ಲಿಸುವಾಗಲೆಲ್ಲ ಉಂಡೆಗಳನ್ನು ಡಬ್ಬಿಗೆ ಹಾಕಬೇಕು, ಸೂಜಿ ಎಣಿಸಬೇಕು, ನೆಲದ ಮೇಲಿನ ತುಂಡು ದಾರ ಆರಿಸಬೇಕು. ಆರ್ಡರಿಲ್ಲದವಳಿಗೆ ಈ ಜೋಪಾನ ಬೆಕ್ಕಿನೊಡನೆ ಬಾಳುವುದರ ಒಂದು ಭಾಗ. ಶುಕ್ರವಾರ ಕೊರಿಯರ್ ಕಳಿಸಬೇಕಾದವಳಿಗೆ ತೊಡೆಯೇರಿ ಕುಳಿತ ಬೆಕ್ಕು ಅಡ್ಡಿ. ಅಲ್ಲಿಗೆ ವ್ಯಾಪಾರ ಹೆಣಿಗೆಯೊಂದನ್ನೇ ಬದಲಿಸಿ ಸುಮ್ಮನಾಗಲಿಲ್ಲ. ತೋಟವನ್ನೂ ತಿರುಗಾಟವನ್ನೂ ಬೆಕ್ಕನ್ನೂ ಖರ್ಚಿನ ಕಲಮಿಗೆ ದಾಟಿಸಿತು.

ಮನಶ್ಶಾಸ್ತ್ರದ ಪ್ರಸಿದ್ಧ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಸಂಶೋಧಕರು ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ ಬಹುಮಾನದ ಆಸೆ ತೋರಿಸಿ ಬಿಡಿಸಲು ಹೇಳಿದರು. ಕೆಲ ದಿನಗಳ ನಂತರ, ಬಹುಮಾನವಿಲ್ಲದ ಹೊತ್ತಿನಲ್ಲಿ, ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರಕ್ಕೆ ಕೂತರು. ಇದನ್ನು ಹಿಗ್ಗಿಸಿ ಹೇಳಬಾರದು. ನಿರೀಕ್ಷೆಯಿಲ್ಲದೆ ಬಹುಮಾನ ಪಡೆದ ಮಕ್ಕಳಲ್ಲಿ ಆಸಕ್ತಿ ಕುಗ್ಗಲಿಲ್ಲ. ಹಣ ಪಡೆದೂ ಕೆಲಸವನ್ನು ಪ್ರೀತಿಸುವ ಕುಶಲಕರ್ಮಿಗಳು ಎಲ್ಲ ಕಾಲಕ್ಕೂ ಇದ್ದಾರೆ. ಆದರೆ ‘ಕಳೆದುಕೊಳ್ಳುವುದೇನಿಲ್ಲ’ ಎಂಬ ಭರವಸೆಯನ್ನು ಮುರಿಯಲು ಇಷ್ಟು ಸಾಕು.

ಇಲ್ಲಿಯವರೆಗೆ ನನ್ನ ಜೊತೆ ಬಂದವರಲ್ಲಿ ಕೆಲವರು ಈಗ ನೆರವಿಗೆಂದು ಇನ್ನೊಂದು ವಾದ ತರುತ್ತಾರೆ: ಹೆಣಿಗೆಯಿಂದ ಏಕಾಗ್ರತೆ ಬರುತ್ತದೆ, ಹಸಿರು ನೋಡಿದರೆ ಮನಸ್ಸು ಹಗುರಾಗುತ್ತದೆ, ಬೆಕ್ಕನ್ನು ನೇವರಿಸಿದರೆ ಬಿಪಿ ಇಳಿಯುತ್ತದೆ, ಲಾಲ್‌ಬಾಗಿನ ಹೂಗಳಿಂದ ಬಣ್ಣಗಳ ಹೊಂದಾಣಿಕೆ ಹೊಳೆಯುತ್ತದೆ, ಹಣವಿಲ್ಲದಿದ್ದರೇನು, ಲಾಭವಿದೆಯಲ್ಲ! ಈ ಸ್ನೇಹಪೂರ್ವಕ ನೆರವನ್ನು ಒಪ್ಪುವುದು ನನಗೆ ಆಗುವುದಿಲ್ಲ. ಹೇಳಿದ ಪರಿಣಾಮಗಳು ನಿಜವೇ ಇರಲಿ. ಬಿಪಿಯನ್ನು ಅಷ್ಟೇ ಇಳಿಸುವ ಮಾತ್ರೆ ಸಿಕ್ಕಿತು ಎನ್ನಿ. ಆಗ ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡುತ್ತೇವೆಯೇ? ಬಣ್ಣಗಳ ಹೊಂದಾಣಿಕೆಯನ್ನು ಫೋನಿನ ಆ್ಯಪ್ ಹೇಳಿಕೊಟ್ಟರೆ ಮುತ್ತುಗ ಹೂಬಿಟ್ಟಾಗ ಹೋಗಿ ನೋಡುವುದನ್ನು ಬಿಡುತ್ತೇವೆಯೇ? ಬಿಡುವುದಿಲ್ಲ ಎಂದಾದರೆ ಆ ಲಾಭಗಳು ಜೊತೆಯಲ್ಲಿ ಬರುವಂಥವು, ಕಾರಣಗಳಲ್ಲ. ರೂಪಾಯಿಯ ಜಾಗದಲ್ಲಿ ಆರೋಗ್ಯವನ್ನು ಕೂರಿಸಿದ ಮಾತ್ರಕ್ಕೆ ಹಳೆಯ ತಪ್ಪು ತಿದ್ದಿದಂತಾಗುವುದಿಲ್ಲ. ಪ್ರತಿಯೊಂದೂ ಬೇರೆ ಯಾವುದಕ್ಕೋ ದುಡಿಯಬೇಕೆಂಬ ಹಟ ಅಲ್ಲೂ ಮುಂದುವರಿಯುತ್ತದೆ. ಆ ಹಟವನ್ನು ಕೊನೆಯವರೆಗೆ ಎಳೆದರೆ, ಯಾವುದಕ್ಕಾಗಿ ಇಷ್ಟೆಲ್ಲ ದುಡಿಯುತ್ತೇವೆಯೋ ಅಂಥದ್ದು ಏನೂ ಉಳಿಯುವುದಿಲ್ಲ.

ನನ್ನ ವಾದಕ್ಕೆ ನಿಜವಾದ ಕಷ್ಟ ಬರುವುದು ಬೇರೆ ಕಡೆಯಿಂದ. ಆಂಧ್ರದ ಗೋದಾವರಿ ಸೀಮೆಯ ನರಸಾಪುರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ದೊಡ್ಡ ರಫ್ತು ಉದ್ಯಮವಾಗಿ ಬೆಳೆಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿನ ಹೆಂಗಸರ ಬದುಕನ್ನು ಹತ್ತಿರದಿಂದ ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಆಕೆ ಕಂಡದ್ದು ಇದು: ಮನೆಗೆಲಸದ ನಡುವೆ ದಿನದ ಬಹುಭಾಗ ಹೆಣೆಯುತ್ತಿದ್ದ ಆ ಹೆಂಗಸರನ್ನು ಕೆಲಸಗಾರರೆಂದು ಯಾರೂ ಎಣಿಸುತ್ತಿರಲಿಲ್ಲ. ಅವರು ಗೃಹಿಣಿಯರು, ಮನೆಯಲ್ಲಿ ಕೂತು ಬಿಡುವಿನ ಹೊತ್ತು ಕಳೆಯಲು ಹೆಣೆಯುತ್ತಾರೆ ಎಂಬುದು ವರ್ತಕರ ಮಾತು. ಆ ಮಾತಿನ ನೆರಳಲ್ಲಿ ಕೂಲಿ ತೀರ ಕೆಳಮಟ್ಟದಲ್ಲಿ ನಿಂತಿತು, ವ್ಯಾಪಾರದ ಲಾಭ ಗಂಡಸರ ಪಾಲಾಯಿತು. ಹೀಗಿರುವಾಗ ‘ಕೈಗೆಲಸ ಅದಕ್ಕಾಗಿಯೇ ಮಾಡುವಂಥದ್ದು, ಹಣದ ಮಾತು ಬೇಡ’ ಎಂದು ನನ್ನಂಥವರು ಬರೆದರೆ ಆ ವರ್ತಕರ ಕೈಗೇ ಕೋಲು ಕೊಟ್ಟಂತಲ್ಲವೇ?

ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದೆ ಹೋಗುವ ಹಕ್ಕು ನನಗಿಲ್ಲ. ನರಸಾಪುರದಲ್ಲಿ ನಡೆದದ್ದೇನು? ಹೊಟ್ಟೆಪಾಡಿಗಾಗಿ ಮಾಡುವ ಕೆಲಸವನ್ನು ವಿರಾಮವೆಂದು ಕರೆದರು. ನಮ್ಮ ಮನೆಗಳ ಪಡಸಾಲೆಯಲ್ಲಿ ನಡೆಯುವುದೇನು? ವಿರಾಮಕ್ಕಾಗಿ ಮಾಡುವ ಕೆಲಸವನ್ನು ಅರೆಬರೆ ಉದ್ಯೋಗವೆಂದು ನೋಡುತ್ತಾರೆ. ಎರಡಕ್ಕೂ ಮೂಲ ಒಂದೇ: ಮಾಡುವವಳನ್ನು ಕೇಳದೆ, ಅವಳ ಕೈಯಲ್ಲಿರುವ ವಸ್ತುವನ್ನು ನೋಡಿ ಅವಳ ಕೆಲಸದ ಜಾತಿಯನ್ನು ನಿರ್ಧರಿಸುವುದು. ಹಾಗಾಗಿ ನಾನು ಕೇಳುವ ವಿಂಗಡಣೆ ಲೇಸಿನ ಹೆಂಗಸರ ವಿರುದ್ಧವಲ್ಲ. ಅವರಿಗೇ ಅದು ಹೆಚ್ಚು ಬೇಕು. ಕೂಲಿಯ ಕೆಲಸ ಕೂಲಿಯ ಕೆಲಸವೇ, ಅದಕ್ಕೆ ಪೂರ್ತಿ ಕೂಲಿ ಸಲ್ಲಬೇಕು, ಆಕೆ ಅದನ್ನು ಖುಷಿಯಿಂದ ಮಾಡುತ್ತಾಳೆ ಎನ್ನುವುದು ಒಂದು ಪೈಸೆ ಕಡಿತಕ್ಕೂ ಕಾರಣವಾಗಕೂಡದು. ಎರಡನ್ನೂ ಕಲಸಿಟ್ಟಷ್ಟು ಕಾಲ ಒಬ್ಬಳ ಕೂಲಿ ಕದಿಯಲು, ಇನ್ನೊಬ್ಬಳ ಬಿಡುವು ಕದಿಯಲು ಅದೇ ಕಲಸುಮೇಲೋಗರ ಸಾಕಾಗುತ್ತದೆ.

ಕಮಲಾದೇವಿಯವರ ಹಾದಿಯನ್ನು ಗೌರವಿಸುವವರೇ ‘ಮಾರಬಾರದೇ’ ಎಂಬ ಸಲಹೆಗೆ ಹೆಚ್ಚು ಹೆದರಬೇಕು. ಲೆಕ್ಕ ಹೀಗಿದೆ: ಅಂಗೈಯಷ್ಟು ದೊಡ್ಡ ಒಂದು ಕ್ರೋಶಾ ಬೆಕ್ಕಿನ ಬೊಂಬೆಗೆ ಎಂಟು ಗಂಟೆ ಹಿಡಿಯಿತು, ಉಲ್ಲನ್ನಿಗೂ ಹತ್ತಿಗೂ ₹120 ಆಯಿತು ಎನ್ನೋಣ. ಗಂಟೆಗೆ ₹80ರಂತೆ ಅದರ ನ್ಯಾಯವಾದ ಬೆಲೆ ₹760. ಪ್ರದರ್ಶನದ ಮಳಿಗೆಯಲ್ಲಿ ಗಿರಾಕಿ ₹300ಕ್ಕೆ ಕೇಳುತ್ತಾರೆ. ಮನೆಯಲ್ಲಿ ಬೇರೆ ಆದಾಯವಿರುವ ಹವ್ಯಾಸಿ ‘ಹೇಗೂ ಸುಮ್ಮನೆ ಮಾಡಿದ್ದು’ ಎಂದು ಕೊಟ್ಟುಬಿಡುತ್ತಾಳೆ. ಅವಳಿಗೆ ಬಿದ್ದದ್ದು ಗಂಟೆಗೆ ₹22.50. ಅವಳಿಗೇನೂ ನಷ್ಟ ಕಾಣದು. ಪಕ್ಕದ ಬೀದಿಯಲ್ಲಿ ಕ್ರೋಶಾ ಕುಚ್ಚಿನಿಂದಲೇ ಬಾಡಿಗೆ ಕಟ್ಟುವವಳ ದರ ಮಾತ್ರ ಆ ದಿನದಿಂದ ಇಳಿಯತೊಡಗುತ್ತದೆ. ಯಂತ್ರದ ಜೊತೆಗಿನ ಪೈಪೋಟಿ ಎಂದು ಸಮಾಧಾನ ಪಟ್ಟುಕೊಳ್ಳುವಂತೆಯೂ ಇಲ್ಲ. ಹೆಣಿಗೆ ಯಂತ್ರಗಳು ಕ್ರೋಶಾದ ಹಾಗೆ ಕಾಣುವ ಬಟ್ಟೆ ಕೊಡುತ್ತವೆ, ನಿಜವಾದ ಕ್ರೋಶಾವನ್ನು ಕಾರ್ಖಾನೆಯ ಪ್ರಮಾಣದಲ್ಲಿ ಹಾಕುವ ಯಂತ್ರ ಬಳಕೆಗೆ ಬಂದಿಲ್ಲ. ಅಂಗಡಿಯಲ್ಲಿ ತೂಗುಹಾಕಿದ ಅಗ್ಗದ ಅಂಗಿ ನಿಜವಾದ ಕ್ರೋಶಾದ್ದಾಗಿದ್ದರೆ ಅದರ ಹಿಂದೆಯೂ ಯಾವಳೋ ಒಬ್ಬಳ ಬೆರಳುಗಳಿವೆ, ಅವಳಿಗೆ ಸಿಕ್ಕದ್ದೆಷ್ಟು ಎಂದು ಆ ಅಂಗಿಯ ಚೀಟಿಯಿಂದಲೇ ಊಹಿಸಬಹುದು. ಆದ್ದರಿಂದ ಮಾರುವ ಮನಸ್ಸಿದ್ದವರು ಮಾರಲಿ, ಅದು ಅವರ ಆಯ್ಕೆ. ಮಾರಿದರೆ ಪೂರ್ತಿ ಬೆಲೆಗೆ ಮಾರಲಿ. ಮನಸ್ಸಿಲ್ಲದವರು ತಂಗಿಗೋ ಗೆಳತಿಯ ಕೂಸಿಗೋ ಕೊಡಲಿ. ಸುಮ್ಮನೆ ಕೊಟ್ಟದ್ದು ಯಾರ ದರವನ್ನೂ ಅಷ್ಟಾಗಿ ಇಳಿಸುವುದಿಲ್ಲ. ಅರ್ಧ ಬೆಲೆಗೆ ಮಾರಿದ್ದು ಖಂಡಿತ ಇಳಿಸುತ್ತದೆ.

ಉಳಿದದ್ದು ಒಂದು ಆಕ್ಷೇಪ: ಇದೆಲ್ಲ ಉಳ್ಳವರ ಮಾತು, ಬಿಡುವು ಯಾರಿಗಿದೆ? ಉಳ್ಳವರಿಗೆ ಸುಲಭ ಎನ್ನುವುದು ನಿಜ. ಆದರೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಕೌದಿ ಹೊಲಿಯುತ್ತಿದ್ದವರು ಉಳ್ಳವರಾಗಿರಲಿಲ್ಲ. ಚಳಿಗೆ ಹೊದಿಕೆ ಸಾಕಿತ್ತು. ತುಂಡುಗಳನ್ನು ಬಣ್ಣ ನೋಡಿ ಕೂಡಿಸುವ, ಅಂಚಿಗೆ ತ್ರಿಕೋನಗಳ ಸಾಲು ಇಡುವ ಅಗತ್ಯ ಯಾವ ಚಳಿಗೂ ಇರಲಿಲ್ಲ. ಬಡತನದಲ್ಲೂ ಆ ಹೆಚ್ಚಿನ ಹೊಲಿಗೆಗೆ ಅವರು ಹೊತ್ತು ಕಂಡುಕೊಂಡರು. ಬಿಡುವು ಅಸಮವಾಗಿ ಹಂಚಿಕೆಯಾಗಿದೆ ಎಂಬುದು ದೂರಾದರೆ ಆ ದೂರು ಹಂಚಿಕೆಯ ಮೇಲೆ ಹೋಗಬೇಕು, ಬಿಡುವಿನ ಮೇಲಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಸುಮಾರು ಐದು ಗಂಟೆಯ ಆ ದುಡಿಮೆಯಾದ ಮೇಲೆ ಒಬ್ಬಳು ಕಡ್ಡಿ ಹಿಡಿದು, ಬೆಕ್ಕನ್ನು ಪಕ್ಕದಲ್ಲಿಟ್ಟುಕೊಂಡು ಕೂರುವ ಒಂದು ಗಂಟೆಯನ್ನು ಕಂಡು ‘ಇದರಿಂದಲೂ ಏನಾದರೂ ಸಂಪಾದಿಸಬಹುದಲ್ಲ’ ಎನ್ನುವವರು ಅವಳ ಬಿಡುಗಡೆಯ ಹೆಸರಿನಲ್ಲಿ ಅವಳಿಗೆ ಮತ್ತೊಂದು ಪಾಳಿ ಹಚ್ಚುತ್ತಿದ್ದಾರೆ. ಅವಳ ಕೈಗೆ ಹಣ ಬರಬೇಕೆಂಬ ಕಾಳಜಿ ಪ್ರಾಮಾಣಿಕವಾಗಿದ್ದರೆ ಅದಕ್ಕೆ ಮನೆಯ ಆದಾಯದಲ್ಲಿ, ಆಸ್ತಿಯಲ್ಲಿ, ಆ 299 ನಿಮಿಷಗಳ ಲೆಕ್ಕದಲ್ಲಿ ಅವಳಿಗೆ ಸಲ್ಲಬೇಕಾದ ಪಾಲಿನ ಮಾತನ್ನು ಮೊದಲು ಎತ್ತಬೇಕಾಗುತ್ತದೆ. ಹೆಣಿಗೆಯ ಆ ಒಂದು ಗಂಟೆಗೆ ಆ ಚರ್ಚೆಯಲ್ಲಿ ಜಾಗವೇ ಇಲ್ಲ.